ವಾಕರಿಕೆ ಬಾರದ ಮಧ್ಯಾಹ್ನ

"ಇಲ್ಲ," ಎಂದಳು ನಾಗಲಿಂಗಮ್ಮ, ಡಾಕ್ಟರು ಪ್ರಶ್ನೆಯನ್ನು ಪೂರ್ತಿ ಮುಗಿಸುವ ಮೊದಲೇ. ಅಂದಾದ ಮೇಲೆ ಆ ದನಿ ತನ್ನದಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಇನ್ನಾರಿಗೋ ಉತ್ತರ ಕೊಟ್ಟರು ಅನ್ನಿಸಿತು. ಕೇಳಿದ್ದು ಇಷ್ಟೇ: ಹಿಂದೆ ಗರ್ಭಕೋಶ ತೆಗೆಸಿದಾಗ, ಎಚ್ಚರವಾದ ಮೇಲೆ, ವಾಂತಿ ಆಗಿತ್ತೇನು? ಕೇಳಿದವರು ಅರಿವಳಿಕೆಯ ಡಾಕ್ಟರು ಪುಷ್ಪಲತಾ, ನಾಳೆ ಬೆಳಿಗ್ಗೆ ಅವಳನ್ನು ನಿದ್ದೆಗೆ ಕಳಿಸಿ ಮತ್ತೆ ವಾಪಸು ಕರೆತರಬೇಕಾದವರು. ಮಂಚದ ಕಾಲ ಬಳಿ ಮಗ ಗವಿಸಿದ್ದೇಶ ಮೊಬೈಲು ನೋಡುತ್ತ ನಿಂತಿದ್ದ. ತಲೆಯ ಬಳಿ ಸೊಸೆ ಗಂಗಾಂಬಿಕಾ ಎಕ್ಸ್‌ರೇ ಚೀಲವನ್ನು ಎದೆಗವಚಿಕೊಂಡಿದ್ದಳು. ಹಗರಿಬೊಮ್ಮನಹಳ್ಳಿಯ ಆ ನರ್ಸಿಂಗ್ ಹೋಮಿನ ಎರಡು ಮಂಚದ ಕೋಣೆಗೆ ಬೆಳಗಿನ ಬಿಸಿಲು ನೇರ ಬಂದು ಬಿದ್ದು, ಈಗಷ್ಟೇ ಒರೆಸಿದ ನೆಲದ ಫಿನಾಯಿಲು ಕಾದು ಮೂಗಿಗೆ ಅಡರುತ್ತಿತ್ತು.

"ಅವಸರ ಮಾಡಬ್ಯಾಡ್ರಿ ಅಮ್ಮಾ, ನೆನಪು ಮಾಡಿಕೊಂಡು ಹೇಳ್ರಿ," ಎಂದರು ಡಾಕ್ಟರು. "ಆಪರೇಶನ್ ಆದ ಮ್ಯಾಲೆ ವಾಂತಿ ಆಗೋದು ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಹಿಂದ ಒಮ್ಮೆ ಆಗಿತ್ತು ಅಂದ್ರ ಮತ್ತ ಆಗೋದು ಇನ್ನೂ ಜಾಸ್ತಿ. ಹಂಗಿದ್ರ ನಾನು ಮೊದಲ ಔಷಧ ಕೊಡ್ತೀನಿ. ಗಾಳಿಯಿಂದ ನಿದ್ದಿ ಮಾಡಸೋದು ಬಿಟ್ಟು ನರದಾಗ ಕೊಟ್ಟು ಮಾಡಸ್ತೀನಿ. ತಡಿಯಾಕ ದಾರಿ ಅದಾವು."

"ಹಂಗಾರ ಇದ್ದಬದ್ದ ಔಷಧ ಎಲ್ಲಾ ಕೊಟ್ಟಬಿಡ್ರಲ್ಲ ಮೇಡಂ," ಎಂದ ಗವಿಸಿದ್ದೇಶ, ಮೊಬೈಲಿನಿಂದ ತಲೆ ಎತ್ತದೆ.

"ಕೊಟ್ಟಬಿಡಾಕ ಅದೇನು ಮಂಡಕ್ಕಿ ಮಿರ್ಚಿ ಏನ್ರೀ?" ಡಾಕ್ಟರು ನಕ್ಕರು. "ಈ ವಯಸ್ಸಿಗೆ ಕೆಲವು ಔಷಧ ತಲಿ ಮಂಕು ಮಾಡ್ತಾವು, ತಮ್ಮ ಮಕ್ಕಳ್ನ ಗುರುತು ಹಿಡಿಯಂಗಿಲ್ಲ. ಇನ್ನೊಂದು ಶುಗರ್ ಏರಸ್ತೈತಿ, ಇವರಿಗೆ ಶುಗರ್ ಐತಿ. ಬೇಕಾದೋರಿಗೆ ಬೇಕಾದಷ್ಟ ಕೊಡಬೇಕು. ಅದಕ್ಕ ಕೇಳೋದು. ಈ ಹರ್ನಿಯಾಕ್ಕ ಒಳಗ ಒಂದು ಜಾಳಿಗಿ ಇಟ್ಟು ಹೊಲೀತಾರ. ಮ್ಯಾಲಿಂದ ಮ್ಯಾಲೆ ವಾಂತಿ ಆದ್ರ ಆ ಹೊಲಿಗಿ ಎಷ್ಟು ಜಗ್ಗತೈತಿ ಗೊತ್ತೇನು? ಹೋಗ್ಲಿ, ಬಸ್ಸಿನಾಗ ಆಗ್ತೈತೇನ್ರೀ ಅಮ್ಮಾ?"

"ನಮ್ಮತ್ತಿ ಬಸ್ ಹತ್ತಿದ್ದ ನಾ ಕಾಣೆ," ಎಂದಳು ಗಂಗಾಂಬಿಕಾ. "ಕೊಟ್ಟೂರು ಬಿಟ್ರ ಕೊಟ್ಟೂರು."

"ನೀವು ಹೇಳಬ್ಯಾಡ್ರಿ, ಅವರು ಹೇಳ್ಲಿ."

"ನನಗೇನೂ ಆಗಂಗಿಲ್ಲವ್ವ," ಎಂದಳು ನಾಗಲಿಂಗಮ್ಮ. ಮೊದಲನೆಯದು ಬಾಯಿ ತಪ್ಪಿ ಬಂದದ್ದು. ಇದು ಸುಳ್ಳು. ಎರಡರ ನಡುವೆ ಡಾಕ್ಟರು ಇಷ್ಟೆಲ್ಲ ಹೇಳುವಷ್ಟು ಸಮಯವಿತ್ತು, ಅಷ್ಟರಲ್ಲಿ ಅವಳು ಯೋಚಿಸಿಯೇ ಹೇಳಿದ್ದಳು. ಡಾಕ್ಟರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಾಳೆ ಒಳಗೆ ಹೋಗುವ ಮೊದಲು ಇನ್ನೊಮ್ಮೆ ಕೇಳುತ್ತೇನೆ, ಅಲ್ಲಿಯವರೆಗೆ ನೆನಪಾದರೆ ಆಗಲಿ ಎಂದು ಹೊರಟರು.

ಅವರ ಬೆನ್ನಿಗೇ ಮಗ ಸೊಸೆ ರಕ್ತಪರೀಕ್ಷೆಯ ವಿಚಾರಕ್ಕೆ ಹೊರಗೆ ಹೋದಾಗ ನಾಗಲಿಂಗಮ್ಮ ಸೆರಗಿನೊಳಗೆ ಕೈ ಇಟ್ಟು ಹೊಟ್ಟೆ ಮುಟ್ಟಿಕೊಂಡಳು. ಹೊಕ್ಕಳ ಕೆಳಗೆ, ಹಳೆಯ ಗಾಯದ ಗೆರೆಯ ಮೇಲೆ, ಅದು ಇತ್ತು. ಎದ್ದು ಕೂತರೆ ಬೆಲ್ಲದಚ್ಚಿನಷ್ಟು, ಮಲಗಿ ಅಂಗೈಯಿಂದ ಒತ್ತಿದರೆ ಗುಳಕ್ಕೆಂದು ಒಳಗೆ ಹೋಗುವಂಥದ್ದು. ವರ್ಷಗಟ್ಟಲೆ ಅದನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡು, ವಾಯು ಅಂದುಕೊಂಡು, ಕೆಮ್ಮು ಬಂದರೆ ಅದರ ಮೇಲೆ ಕೈ ಇಟ್ಟುಕೊಂಡು ಬಂದಿದ್ದಳು. ಯುಗಾದಿಯ ದಿನ ಬಚ್ಚಲಲ್ಲಿ ಬೆನ್ನಿಗೆ ಎಣ್ಣೆ ಹಚ್ಚಲು ಬಂದ ಗಂಗಾಂಬಿಕಾ ಕಂಡು, "ಅಯ್ಯ, ಇದೇನತ್ತಿ, ಬಸುರಿಯಂಗ!" ಎಂದು ಬಾಯಿಗೆ ಕೈ ಒಯ್ದಿದ್ದಳು. ಆ ಮಾತು ಅಷ್ಟು ನೋಯಿಸಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅವಳು ಅದನ್ನು ಗಂಡನಿಗೆ ಹೇಳುತ್ತಿದ್ದಾಗ ಇಬ್ಬರ ನಡುವೆ ಎದ್ದ ಒಂದು ಸಣ್ಣ ನಗೆ ಗೋಡೆ ದಾಟಿ ಬಂದಿತ್ತು. ಕೆಟ್ಟ ನಗೆಯಲ್ಲ, ಗಂಡ ಹೆಂಡತಿ ಮನೆಯ ಮುದುಕಿಯ ಬಗ್ಗೆ ನಗುವ ಸಾದಾ ನಗೆ. ತನಗೆ ಅಂಥ ನಗೆ ನಕ್ಕ ನೆನಪೇ ಇಲ್ಲವಲ್ಲ ಎಂದು ಅವಳು ಎಣ್ಣೆ ಮೈಯಲ್ಲೇ ಬಹಳ ಹೊತ್ತು ಕೂತಿದ್ದಳು. ಹೊಟ್ಟೆಯನ್ನು ಬೆರಳಿನಿಂದ ತಡವಿ ನೋಡಿದ ಸರ್ಜನ್ನು, ಹಳೇ ಹೊಲಿಗೆ ಆವಾಗಲೇ ಒಳಗೊಳಗೆ ಬಿಟ್ಟಿದೆ, ಆಪರೇಶನ್ ಆದ ಹೊಸದರಲ್ಲಿ ಏನೋ ಜೋರಾಗಿ ಜಗ್ಗಿರಬೇಕು ಎಂದಿದ್ದ. ಏನು ಜಗ್ಗಿತ್ತೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಇನ್ನೊಬ್ಬ ಸತ್ತು ನಾಲ್ಕು ವರ್ಷವಾಗಿತ್ತು.

ಆಗ ಗವಿಸಿದ್ದೇಶ ಸಣ್ಣವನು, ಅವನನ್ನು ಅರಸೀಕೆರೆಯ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ದಾವಣಗೆರೆಯ ಒಂದು ಆಸ್ಪತ್ರೆಯ ಉದ್ದನೆಯ ವಾರ್ಡು. ಮಂಚದ ಪಕ್ಕ ಗಂಡ ಕರಿಸಿದ್ದಪ್ಪ. ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು, ಉಗುರಿನಿಂದ ಒಮ್ಮೆ ತಟ್ಟಿ ಸಪ್ಪಳ ಕೇಳಿಯೇ ಕೊಡದ ಬಿರುಕು ಹೇಳುತ್ತಿದ್ದವನು, ಉಂಡ ತಟ್ಟೆಯನ್ನು ಎಂದೂ ಎತ್ತದವನು, ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದವನು. ನಮ್ಮಲ್ಲಿ ಮೈಲಿಗೆಯೆಂಬುದಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದ. ಮನೆಯಲ್ಲಿ ಅವಳು ಮುಟ್ಟಾದ ದಿನ ಅವಳ ನೆರಳು ಪೂಜೆಯ ಮೂಲೆಗೆ ಬಿದ್ದರೆ ಕೆಮ್ಮುತ್ತಿದ್ದ. ಬೈಯುತ್ತಿರಲಿಲ್ಲ, ಬರೀ ಕೆಮ್ಮು. ಆ ದಿನ ವಾರ್ಡಿನಲ್ಲಿ ಎರಡು ಮಂಚಗಳ ನಡುವೆ ಟವೆಲ್ಲು ಹಾಸಿ ಪೂಜೆಗೆ ಕೂತಿದ್ದ. ಎಡಗೈಯಲ್ಲಿ ಲಿಂಗ, ಬದಿಯಲ್ಲಿ ಪೂಜೆಯ ನೀರಿದ್ದ ಕಂಚಿನ ಬಟ್ಟಲು. ಅವಳ ಹೊಟ್ಟೆಯ ತಳದಿಂದ ಒಂದು ಅಲೆ ಎದ್ದಿತು, ಬಿದ್ದಿತು, ಮತ್ತೆ ಇನ್ನೂ ಎತ್ತರಕ್ಕೆ ಎದ್ದಿತು. ಕರೆಯಬೇಕೆಂದರೆ ಬಾಯಿ ತೆರೆಯಬೇಕು, ತೆರೆದರೆ ಅದೇ ಬರುತ್ತದೆ. ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಗದ್ದದ ಕೆಳಗೆ ಬಟ್ಟಲಿತ್ತು. ಪೂಜೆಯ ನೀರು ಅವಳ ಕತ್ತಿನ ಮೇಲೆ ಚೆಲ್ಲಿತ್ತು. ಪೂಜೆಯ ನಡುವೆ ಲಿಂಗವನ್ನು ಎಲ್ಲೆಂದರಲ್ಲಿ ಇಡುವ ಹಾಗಿಲ್ಲ, ಅದು ಅವನ ಎಡ ಅಂಗೈಯಲ್ಲೇ ಇತ್ತು, ಬಲಗೈಯಲ್ಲಿ ಬಟ್ಟಲು, ಅವಳ ತಲೆ ಹಿಡಿಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. ಅದಕ್ಕೆ ಬಗ್ಗಿ ತನ್ನ ಹಣೆಯನ್ನು ಅವಳ ಹಣೆಗೆ ಆನಿಸಿ ಹಿಡಿದ. ಹಸಿ ವಿಭೂತಿಯ ತಂಪು, ಬೆವರು, ಅವನ ಬಿಸಿ ಉಸಿರು. "ಬಿಡು, ಬಿಡು, ಬಂದಷ್ಟೂ ಬಿಡು," ಅಂದ. ಮದುವೆಯಾದಾಗಿನಿಂದ ಹಗಲು ಬೆಳಕಿನಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೊಂದೇ ಸಲ.

ಆಮೇಲೆ ನಲ್ಲಿಯ ಸಪ್ಪಳ. ವಾರ್ಡಿನ ಕೊನೆಯಲ್ಲಿ ಅವನು ಕೈ ತೊಳೆದ, ತೊಳೆದ, ಮತ್ತೆ ತೊಳೆದ. ನಿದ್ದೆಯೊಳಗೆ ಜಾರುತ್ತ ಜಾರುತ್ತ ಅವಳು ಅದನ್ನೇ ಕೇಳುತ್ತಿದ್ದಳು. ತಿರುಗಿ ಬಂದಾಗ ಅವನ ಕೈಯಲ್ಲಿ ಬಟ್ಟಲಿರಲಿಲ್ಲ. ಅವಳ ವಾಂತಿ ಇನ್ನೊಂದು ದಿನ ನಿಲ್ಲಲಿಲ್ಲ, ಆದರೆ ಆಯಾಳೇ ಬಂದು ಹಿಡಿಯುತ್ತಿದ್ದಳು, ಅವನು ಕಾರಿಡಾರಿನ ಬೆಂಚಿನ ಮೇಲೆ ಇರುತ್ತಿದ್ದ. ಊರಿಗೆ ಬಂದ ಮೇಲೆ ಅಂಗಡಿಯಿಂದ ಹೊಸ ಬಟ್ಟಲು ತಂದುಕೊಂಡ. ಪೂಜೆಯನ್ನು ಮಾಳಿಗೆಯ ಕೋಣೆಗೆ ಒಯ್ದ, ಸ್ವಲ್ಪ ದಿನದ ಮೇಲೆ ಹಾಸಿಗೆಯನ್ನೂ. ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೇಸಿಕೊಂಡಿದ್ದಾನೆ ಎಂದು ಅವಳೇ ತೀರ್ಮಾನ ಮಾಡಿದಳು, ಯಾಕೆಂದರೆ ಏನಾದರೊಂದು ತೀರ್ಮಾನ ಇಲ್ಲದೆ ದಿನಾ ಮೂರು ಹೊತ್ತು ಒಬ್ಬ ಮನುಷ್ಯನಿಗೆ ಬಡಿಸುವುದು ಆಗುವುದಿಲ್ಲ. ಹೊಸದಾಗಿ ಕಟ್ಟಿದ ಆ ತೀರ್ಮಾನದ ಒಳಗೇ ಅವಳು ಮುದುಕಿಯಾದಳು. ಆದರೂ ರೊಟ್ಟಿ ತಟ್ಟುವಾಗಲೋ, ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗಲೋ ಇದ್ದಕ್ಕಿದ್ದಂತೆ ಹಣೆಯ ಮೇಲೆ ಆ ತಂಪು ಬಂದು ಕೂರುತ್ತಿತ್ತು, ಕೂತು ಹೋಗುತ್ತಿತ್ತು. ಹೇಸಿದ್ದು ನಿಜವಾದರೆ ಅದು ಯಾಕೆ ಬರಬೇಕು?

ಸತ್ತ ಮೇಲೆ ಅವನು ಎಲ್ಲರ ಕನಸಿಗೂ ಬಂದ. ಗವಿಸಿದ್ದೇಶನ ಕನಸಿಗೆ ಬಂದು ಅಂಗಡಿಯ ಶಟರಿಗೆ ಎಣ್ಣೆ ಹಾಕು ಅಂದನಂತೆ. ಗಂಗಾಂಬಿಕಾ ಒಂದು ಬೆಳಿಗ್ಗೆ ಚಹಾ ಸೋಸುತ್ತ, "ಮಾವಾರು ಬಂದಿದ್ರತ್ತಿ, ಮಜ್ಜಿಗಿ ಕೇಳಿದ್ರು, ಉಪ್ಪು ಜಾಸ್ತಿ ಆಗೈತಿ ಅಂದ್ರು," ಎಂದು ನಗುತ್ತ ಹೇಳಿದಳು. ನಾಗಲಿಂಗಮ್ಮನಿಗೆ ಆ ದಿನವೆಲ್ಲ ಸೊಸೆಯ ಮುಖ ನೋಡಲಾಗಲಿಲ್ಲ. ತನ್ನ ಕನಸಿಗೆ ಒಮ್ಮೆಯೂ ಬಂದಿರಲಿಲ್ಲ. ಬರಲಿ ಎಂದು ಎಡಮಗ್ಗುಲಾಗಿ ಮಲಗಿ ನೋಡಿದ್ದಳು, ಅವನ ಹೊದಿಕೆ ಹೊದ್ದು ನೋಡಿದ್ದಳು. ಬರುವುದಾದರೆ ಅವನು ಒಂದೇ ಕಡೆ ಬರಬಲ್ಲ ಎಂದು ಈಗೀಗ ಅವಳಿಗೆ ಅನಿಸತೊಡಗಿತ್ತು. ಆಪರೇಶನ್ ಎಂದಾಗ ಅವಳು ಹೆದರಲಿಲ್ಲ. ಮಗ, "ಅವ್ವ ಭಾರಿ ಗಟ್ಟಿ," ಎಂದು ಎಲ್ಲರಿಗೂ ಫೋನಿನಲ್ಲಿ ಹೇಳಿಕೊಂಡ. ಇವತ್ತು ಡಾಕ್ಟರು ವಾಂತಿ ತಡೆಯುವ ಮಾತೆತ್ತಿದಾಗ, ತಾನು ಇಷ್ಟು ದಿನ ಯಾತಕ್ಕೆ ಹೆದರದೆ ಇದ್ದೆ ಎಂಬುದು ಅವಳಿಗೆ ತಿಳಿದುಹೋಯಿತು. ಮತ್ತೆ ಆ ಅರೆ ಎಚ್ಚರ, ಮತ್ತೆ ಆ ಅಲೆ, ಆಗ ಅವನು ಬರಲೇಬೇಕು. ಹೊಲಿಗೆ ಬಿಟ್ಟರೆ ಬಿಡಲಿ. ಇಷ್ಟು ನಾಚಿಕೆಗೇಡಿನ ಆಸೆಯನ್ನು ಅರವತ್ತೆಂಟರ ಮುದುಕಿ ಯಾರಿಗೆ ಹೇಳಬೇಕು?

ಆ ಬೆಳಿಗ್ಗೆ, ಡಾಕ್ಟರು ಬರುವ ಮುಂಚೆ, ನಾಗಲಿಂಗಮ್ಮ ಮಗ ಸೊಸೆಯೊಂದಿಗೆ ಕೋಣೆಗೆ ಬಂದಾಗ ಇನ್ನೊಂದು ಮಂಚದ ಮೇಲೆ ಅವಳಿಗಿಂತ ಸ್ವಲ್ಪ ಸಣ್ಣವಳಾದ ಒಬ್ಬ ಹೆಂಗಸು ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು, ಕಾಲು ಇಳಿಬಿಟ್ಟು ಕೂತಿದ್ದಳು. ಪಿತ್ತಕೋಶದ ಕಲ್ಲಿಗೆ ಆ ಹೊತ್ತೇ ಅವಳ ಆಪರೇಶನ್. ಹೆಸರು ದುರುಗಮ್ಮ. ಅವಳ ಗಂಡ ಜೋಗಪ್ಪ ಎದುರಿನ ಕುರ್ಚಿಯಲ್ಲಿ ಕೂತು ಕಾಗದದ ಲೋಟದಿಂದ ಚಹಾ ಹೀರುತ್ತಿದ್ದ.

"ಯಾ ಊರವ್ವಾ ನಿಮ್ಮದು?" ನಾಗಲಿಂಗಮ್ಮ ಕೇಳಿದ್ದಳು.

"ಹಂಪಸಾಗರ ಅಕ್ಕಾ."

"ಹಂಪಸಾಗರದಾಗ ಯಾರ ಪೈಕಿ?"

ದುರುಗಮ್ಮ ಅವಳ ಕೊರಳಿನ ಲಿಂಗದ ದಾರವನ್ನು ನೋಡಿ, ಆಮೇಲೆ ಮುಖ ನೋಡಿ ನಕ್ಕಳು. "ಊರ ಹೊರಗಿನವರ ಪೈಕಿ. ಈಗ ಮಗ ಊರ ನಡುವ ಮನಿ ಕಟ್ಯಾನ. ಅದಕ್ಕ ನಡುವಿನವರ ಪೈಕಿ ಅಂತ ತಿಳಕೋರಿ."

"ಇಕಿ ಅಂಗನವಾಡಿ ಟೀಚರ್ ಇದ್ಲು ನೋಡ್ರಿ," ಎಂದ ಜೋಗಪ್ಪ. "ಒಂದು ಪ್ರಶ್ನೆ ಕೇಳಿದ್ರ ಪೂರಾ ಪಾಠ ಮಾಡ್ತಾಳ."

"ನೀ ಸುಮ್ಕಿರಪ್ಪ. ನನಗ ನಿನ್ನೆಯಿಂದ ಹೊಟ್ಟಿಗೆ ಏನಿಲ್ಲ, ಈ ಮಹಾರಾಯ ನನ್ನ ಎದುರಿಗೇ ಕುಂತು ಸೊರ್ ಸೊರ್ ಅಂತ ಚಾ ಕುಡೀತಾನ."

ಗಂಗಾಂಬಿಕಾ ಕಿಟಕಿಯ ಕಡೆ ತಿರುಗಿದ್ದಳು. ನಾಗಲಿಂಗಮ್ಮನ ಕಿವಿ ಬಿಸಿಯಾಗಿತ್ತು. ಕೇಳಿದ್ದು ಸಾದಾ ಮಾತು, ಊರಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವಂಥದ್ದು. ಆದರೆ ಕೇಳಿದ್ದು ಯಾತಕ್ಕೆಂದು ಆ ಹೆಂಗಸಿಗೆ ತಿಳಿದಿತ್ತು, ತಿಳಿದಿದ್ದೂ ನಕ್ಕಿದ್ದಳು.

ಮಧ್ಯಾಹ್ನಕ್ಕೆ ದುರುಗಮ್ಮನನ್ನು ತಂದು ಮಲಗಿಸಿದರು. ಜೋಗಪ್ಪನ ಹಾಸ್ಯವೆಲ್ಲ ಇಳಿದುಹೋಗಿತ್ತು. ಹೆಂಡತಿಯ ಕಾಲ ಬಳಿ ನಿಂತು ಟವೆಲ್ಲಿನ ಅಂಚು ಹಿಂಡುತ್ತಿದ್ದ. ನರ್ಸು ಮಂಚದ ತಲೆಯ ಕಡೆ ಎತ್ತರ ಮಾಡಿ, ಸ್ಟೂಲಿನ ಮೇಲೆ ಸ್ಟೀಲಿನ ಟ್ರೇ ಇಟ್ಟು, "ವಾಂತಿಗೆ ಔಷಧ ಕೊಟ್ಟಾರ, ಆದರೂ ಬಂದ್ರ ಮಗ್ಗಲಕ್ಕ ಹೊಳ್ಳಿಸಿ ಇದನ್ನ ಹಿಡೀರಿ, ಅಂಗಾತ ಇರಬಾರದು," ಎಂದು ಹೇಳಿ ಹೋದಳು. ಗವಿಸಿದ್ದೇಶ ಔಷಧದ ಅಂಗಡಿಗೆ ಹೋಗಿದ್ದ, ಗಂಗಾಂಬಿಕಾ ಊಟ ಕಟ್ಟಿಸಿಕೊಂಡು ಬರಲು. ನಾಗಲಿಂಗಮ್ಮ ಮಲಗಿದಲ್ಲಿಂದ ನೋಡುತ್ತಿದ್ದಳು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು. ದುರುಗಮ್ಮನ ಗಂಟಲು ಒಮ್ಮೆ ಏರಿ ಇಳಿಯಿತು. ತುಟಿಯ ಸುತ್ತ ಬಣ್ಣ ಹೋಯಿತು. ಆ ಬಣ್ಣ ಹೋಗುವುದು ನಾಗಲಿಂಗಮ್ಮನಿಗೆ ತನ್ನ ಚರ್ಮದ ಮೇಲೇ ಗೊತ್ತಾಯಿತು. ಈಗ, ಅಂದುಕೊಂಡಳು. ಜೋಗಪ್ಪನೂ ಕಂಡ. "ನಾ... ನಾ ಸಿಸ್ಟರ್‌ನ ಕರಕೊಂಡು ಬರ್ತೀನಿ," ಎಂದವನೇ, ಟ್ರೇ ಕೈಗೆ ಸಿಗುವಷ್ಟು ಹತ್ತಿರ ಇದ್ದರೂ, ಬಾಗಿಲು ದಾಟಿ ಹೋಗಿಬಿಟ್ಟ.

ಅವಳು ಎದ್ದದ್ದು ತಿಳಿಯಲಿಲ್ಲ. ಎದ್ದ ರಭಸಕ್ಕೆ ಹೊಟ್ಟೆಯ ಗಂಟು ಹೊರಗೆ ನುಗ್ಗಿತು. ಎಡ ಅಂಗೈಯಿಂದ ಅದನ್ನು ಒತ್ತಿ ಹಿಡಿದು, ಬಲಗೈಯಿಂದ ಟ್ರೇ ಎತ್ತಿಕೊಂಡು ದುರುಗಮ್ಮನ ಗದ್ದದ ಕೆಳಗೆ ಒಯ್ದಳು. ದುರುಗಮ್ಮ ತಾನೇ ಹೇಗೋ ಮಗ್ಗುಲಾದಳು, ಆದರೆ ತಲೆ ಕತ್ತಿನ ಮೇಲೆ ನಿಲ್ಲದೆ ಹಿಂದಕ್ಕೆ ವಾಲುತ್ತಿತ್ತು. ಹಿಡಿಯಬೇಕು. ಕೈ ಎರಡೂ ತುಂಬಿದ್ದವು. ನಾಗಲಿಂಗಮ್ಮ ಬಗ್ಗಿ ಆ ಹಣೆಗೆ ತನ್ನ ಹಣೆ ಕೊಟ್ಟಳು. ಕೊಟ್ಟ ಮೇಲೆಯೇ ತಾನು ಮಾಡಿದ್ದೇನೆಂದು ತಿಳಿದದ್ದು. ಹಳದಿ ನೀರು ಸ್ವಲ್ಪ ಬಂತು, ಮತ್ತೆ ಸ್ವಲ್ಪ. "ಬಿಡು, ಬಿಡು, ಬಂದಷ್ಟೂ ಬಿಡು," ಎನ್ನುತ್ತಿದ್ದಳು ಅವಳು, ಯಾರದೋ ಬಾಯಿಂದ. ಇಷ್ಟು ವರ್ಷ ಆ ಸ್ಪರ್ಶವನ್ನು ಅವನ ಹಣೆಯ ಕೆಳಗಿನಿಂದಷ್ಟೇ ಅವಳು ಬಲ್ಲವಳಾಗಿದ್ದಳು. ಈಗ ಮೇಲಿನಿಂದ. ಮೇಲೆ ಅವಳು ಹುಡುಕಿದ್ದ ಪ್ರೀತಿ ಇರಲಿಲ್ಲ. ಹೇಸಿಗೆಯೂ ಇರಲಿಲ್ಲ. ಬರೀ ಹೆದರಿಕೆ. ಈ ತಲೆ ಈಗ ಜಾರಿದರೆ, ಈ ಉಸಿರು ಈಗ ಸಿಕ್ಕಿಕೊಂಡರೆ, ನಾನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ ಎಂಬ ಹೆದರಿಕೆ, ಓಡಿಹೋಗಬೇಕೆಂಬ ಕಾಲುಗಳು, ಓಡಲಾಗದಂತೆ ಹಣೆಗೆ ಹಣೆ.

ಅಲೆ ಇಳಿಯಿತು. ದುರುಗಮ್ಮ ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ನಾಗಲಿಂಗಮ್ಮ ಟ್ರೇಯನ್ನು ಮೂಲೆಯ ಬೇಸಿನ್ನಿನಲ್ಲಿ ಬಗ್ಗಿಸಿ, ನಲ್ಲಿ ತಿರುಗಿಸಿ, ಕೈ ತೊಳೆದಳು. ಸೋಪು ಹಾಕಿದಳು. ಮೊಣಕೈವರೆಗೆ ತೊಳೆದಳು. ಮತ್ತೆ ಸೋಪು ಹಾಕಿದಳು. ಹಣೆಗೆ ನೀರು ಹಚ್ಚಿ ಉಜ್ಜಿದಳು. ನೀರಿನ ಸಪ್ಪಳ ಅವಳಿಗೆ ತಟಕ್ಕನೆ ಕೇಳಿಸಿದ್ದು ಆಗ. ಎಲ್ಲಿಂದಲೋ, ಉದ್ದನೆಯ ವಾರ್ಡೊಂದರ ಆ ತುದಿಯಿಂದ, ಯಾರೋ ಬೆನ್ನು ತಿರುಗಿಸಿ ನಿಂತು ತೊಳೆಯುತ್ತಿರುವ ಸಪ್ಪಳ. ತಲೆ ಎತ್ತಿದಳು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ದುರುಗಮ್ಮನ ಕಣ್ಣು ತೆರೆದಿದ್ದವು.

"ಇನ್ನೊಂದು ಸಲ ತೊಳಕೋರಿ ಅಕ್ಕಾ," ಎಂದಳು ದುರುಗಮ್ಮ, ದನಿಯಿಲ್ಲದ ದನಿಯಲ್ಲಿ. "ಹಣಿ ಮ್ಯಾಲೆ ಇನ್ನಾ ಉಳದಿರಬೇಕು, ನೋಡ್ರಿ."

"ಹಂಗಲ್ಲವ್ವ... ವಾಸನಿ..."

"ವಾಸನಿ ಇದ್ದ ಇರತೈತಿ. ನಾನೂ ಅಂಗನವಾಡ್ಯಾಗ ಮಕ್ಕಳ ಮೂಗು ವರಸಿ ತೊಳಕಂತಿದ್ದೆ, ಹೇತಿದ್ದು ಬಳದು ತೊಳಕಂತಿದ್ದೆ. ತೊಳಕೊಳ್ಳೋದು ತಪ್ಪಲ್ಲ ಬಿಡ್ರಿ." ಸ್ವಲ್ಪ ಹೊತ್ತು ಉಸಿರಾಡಿದಳು. "ಯಾರದು ಅಂತ ನೋಡಿ ಒಂದು ಸಲ ಜಾಸ್ತಿ ತೊಳಕೊಂಡ್ರ ಮಾತ್ರ ಮಂದಿಗೆ ಗೊತ್ತಾಗತೈತಿ."

ನಾಗಲಿಂಗಮ್ಮ ಒದ್ದೆ ಕೈಗಳನ್ನು ಒರೆಸಿಕೊಳ್ಳಲೂ ಆಗದೆ ಮುಂದೆ ಹಿಡಿದುಕೊಂಡು ನಿಂತಳು. ಯಾತಕ್ಕೆ ತೊಳೆದೆ? ಮೊದಲನೆಯ ಸೋಪು ವಾಸನೆಗೆ. ಎರಡನೆಯದು? ಹಣೆಗೆ ಹಾಕಿದ ನೀರು? ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೌದು ಅನ್ನಲೂ. ಎರಡೂ ಅದೇ ನೀರಿನಲ್ಲಿ ಹರಿದು ಹೋಗಿದ್ದವು. ಒಂದು ಮಾತ್ರ ಗೊತ್ತಿತ್ತು: ತೊಳೆದ ಈ ಕೈಗಳೇ ಹಿಡಿದದ್ದು, ಹಿಡಿದದ್ದು ಸುಳ್ಳಲ್ಲ. ಅಷ್ಟರಲ್ಲಿ ಜೋಗಪ್ಪ ನರ್ಸಿಲ್ಲದೆ ಒಬ್ಬನೇ ಬಾಗಿಲಲ್ಲಿ ಇಣುಕಿದ.

"ಆಯ್ತೇನ?"

"ಆತು, ಬಾ. ಈ ಅಕ್ಕ ಹಿಡಿದ್ರು. ನೀ ಎಲ್ಲಿ ಹಾಳಾಗಿ ಹೋಗಿದ್ದಿ?"

"ನನಗ ನೋಡಾಕ ಆಗಂಗಿಲ್ಲ ಮಾರಾಯ್ತಿ. ಎದಿ ಡವಡವ ಅಂತೈತಿ."

"ಮೂರು ಹೆರಿಗಿಗೂ ಹಿಂಗ ಓಡಿದಾವ ಇವನು," ಎಂದಳು ದುರುಗಮ್ಮ ಮುಚ್ಚಿದ ಕಣ್ಣಿನಲ್ಲೇ. "ಓಡಿ ಹೋದ ಅಂತ ನಾಚಿಕಿ ಆಗಿ ಆಮ್ಯಾಲೆ ವಾರಗಟ್ಟಲೆ ಮಾರಿ ತೋರಸಂಗಿಲ್ಲ. ನಾನ ಹೋಗಿ ಬಾರಲೇ ಉಣ್ಣು ಅಂತ ಕರಕೊಂಡು ಬರಬೇಕು."

ನಾಗಲಿಂಗಮ್ಮ ತನ್ನ ಮಂಚದ ಮೇಲೆ ಕೂತಳು. ತನ್ನ ಗಂಡನನ್ನು ಯಾರೂ ಹೋಗಿ ಕರೆಯಲಿಲ್ಲ, ಅಂದುಕೊಂಡಳು. ಮಾಳಿಗೆಗೆ ಹನ್ನೆರಡೋ ಹದಿಮೂರೋ ಮೆಟ್ಟಿಲು. ಅನ್ನದ ತಟ್ಟೆ ಮುಚ್ಚಿಟ್ಟು ಅವಳು ಕೆಳಗಿನಿಂದಲೇ ಬಳೆ ಸಪ್ಪಳ ಮಾಡುತ್ತಿದ್ದಳು, ಅವನು ಇಳಿದು ಬಂದು ಉಂಡು ಹತ್ತಿ ಹೋಗುತ್ತಿದ್ದ. ನಲ್ಲಿಯ ಕೆಳಗೆ ನಿಂತು ತೊಳೆಯುವಾಗ ಅವನಿಗೂ ಗೊತ್ತಾಗದೆ ಹೋಗಿರಬಹುದು, ಯಾತಕ್ಕೆ ಎಂದು. ಗೊತ್ತಾಗದ್ದನ್ನು ಹೊತ್ತುಕೊಂಡು ಹೆಂಡತಿಯ ಮುಂದೆ ಬಂದು ನಿಲ್ಲಲು ನಾಚಿಕೆಪಟ್ಟಿರಬಹುದು. ಬಹುದು, ಬಹುದು. ಕೇಳಲು ಈಗ ಯಾರಿದ್ದಾರೆ? ಗಂಗಾಂಬಿಕಾ ಅನ್ನ ಸಾರಿನ ಪೊಟ್ಟಣಗಳೊಂದಿಗೆ ಬಂದು, "ಯಾಕತ್ತಿ, ಎದ್ದು ಕುಂತೀರಿ? ಮಾರಿ ಯಾಕ ಹಂಗಾಗೈತಿ?" ಎಂದಳು. ಪಕ್ಕದ ಮಂಚದ ವಾಂತಿಯ ವಾಸನೆಗೆ ಮೂಗು ಸಿಂಡರಿಸಿದವಳು ಅತ್ತೆಯ ಒದ್ದೆ ತೋಳು, ಒದ್ದೆ ಹಣೆ ನೋಡಿ ಒರೆಸಿಕೊಳ್ಳಲು ಟವೆಲ್ಲು ಚಾಚಿದಳು. ಸಂಜೆಯವರೆಗೂ ದುರುಗಮ್ಮ ಆಗೊಮ್ಮೆ ಈಗೊಮ್ಮೆ ವಾಕರಿಸಿದಳು. ಪ್ರತಿ ಸಲ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣಂಚಿನಲ್ಲಿ ನೀರು ತುಂಬಿ, ಜೋಗಪ್ಪನ ಕಡೆ ನೋಡದೆ ಗೋಡೆ ನೋಡುತ್ತಿದ್ದಳು. ಆ ವಾಕರಿಕೆಯಲ್ಲಿ ಸತ್ತವರು ಬಂದು ಹೋಗುವ ಬಾಗಿಲಿರಲಿಲ್ಲ. ಒಬ್ಬ ಹೆಂಗಸಿನ ಮೈಯನ್ನು ಒದ್ದೆ ಬಟ್ಟೆಯಂತೆ ಹಿಂಡುವುದಿತ್ತು, ಅಷ್ಟೇ. ಇದಕ್ಕೇನು ನಾನು ಅವನನ್ನು ಕರೆಯುವುದು ಎಂದು ನಾಗಲಿಂಗಮ್ಮನಿಗೆ ಅನ್ನಿಸಿತು. ಹೆದರಿ ನಡುಗುತ್ತಿದ್ದ ಮನುಷ್ಯನನ್ನು, ಸತ್ತ ಮೇಲೂ ಬಿಡದೆ, ಬಂದು ಹಿಡಿ ಎಂದು ಕರೆಯುವುದು?

ಮರುದಿನ ಬೆಳಿಗ್ಗೆ ಬಳೆ ಬಿಚ್ಚಿಸಿದರು. ಕೊರಳ ಲಿಂಗ ತೆಗೆಯುವ ಮಾತು ಬಂದಾಗ ಅವಳು ಎರಡೂ ಕೈಯಿಂದ ಹಿಡಿದುಕೊಂಡಳು. ನರ್ಸು ಅದಕ್ಕೆ ಒಗ್ಗಿದವಳಂತೆ, "ಮೈ ಬಿಟ್ಟು ತೆಗಿಯಂಗಿಲ್ಲ ಬಿಡ್ರಿ," ಎಂದು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದಳು. ಥಿಯೇಟರಿನ ಬಾಗಿಲ ಬಳಿ ಗಾಲಿಮಂಚ ನಿಂತಿತು. ಗವಿಸಿದ್ದೇಶ, ಗಂಗಾಂಬಿಕಾ ಇಬ್ಬರೂ ಅಲ್ಲೇ ಇದ್ದರು. ಪುಷ್ಪಲತಾ ಡಾಕ್ಟರು ಹಸಿರು ಟೊಪ್ಪಿಗೆಯಲ್ಲಿ ಬೇರೆಯೇ ಯಾರೋ ಆಗಿ ಬಗ್ಗಿದರು.

"ಏನಮ್ಮಾ, ನೆನಪಾತೇನು?"

ಮೇಲೆ ಟ್ಯೂಬ್‌ಲೈಟು. ಅದರ ಸುತ್ತ ಒಂದು ನೊಣ. ಹೇಳಿದರೆ ಮುಗಿಯಿತು, ಇನ್ನು ಎಲ್ಲೂ ಬರುವುದಿಲ್ಲ ಅವನು. ಹೇಳದಿದ್ದರೆ?

"ಆಗಿತ್ತವ್ವಾ," ಎಂದಳು ನಾಗಲಿಂಗಮ್ಮ. "ಎರಡು ದಿವಸ ನಿಂತಿರಲಿಲ್ಲ. ಹೊಲಿಗಿ ಅದಕ್ಕ ಬಿಟ್ಟೈತಿ. ಬಸ್ಸಿನಾಗೂ ಆಗ್ತೈತಿ. ಅದಕ್ಕ ನಾ ಬಸ್ ಹತ್ತಂಗಿಲ್ಲ."

"ಯವ್ವಾ!" ಎಂದ ಗವಿಸಿದ್ದೇಶ. "ನಿನ್ನೆ ಯಾಕ ಇಲ್ಲ ಅಂದಿ ಮತ್ತ?"

"ನೀ ಅಲ್ಲೇ ನಿಂತಿದ್ಯಲ್ಲಪ್ಪ."

"ಮಗ ನಿಂತ್ರ ವಾಂತಿ ನಿಲ್ತೈತೇನ್ರೀ?" ಡಾಕ್ಟರು ಅವಳ ಭುಜ ತಟ್ಟಿದರು. ಆಮೇಲೆ ಒಳಗಿದ್ದವರಿಗೆ ಏನೇನೋ ಔಷಧಗಳ ಹೆಸರು ಹೇಳಿ, ಗಾಳಿ ಬೇಡ, ಪೂರ್ತಿ ನರದಲ್ಲೇ ಎಂದರು. "ಆವಾಗ ಭಾಳ ತ್ರಾಸಾಗಿತ್ತೇನು? ಯಾರಿದ್ರು ಹತ್ತಿರ?"

"ನಮ್ಮ ಮನಿಯವರು ಹಿಡಿದಿದ್ರು," ಎಂದಳು ಅವಳು. ಮಗನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದಳು. "ಪೂಜಿ ಬಿಟ್ಟು ಹಿಡಿದಿದ್ರು." ಗವಿಸಿದ್ದೇಶನ ಮುಖ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ತಲೆಕೆಳಗಾಗಿ ಕಂಡು ಹಿಂದೆ ಸರಿಯಿತು. ಬಾಗಿಲು ಮುಚ್ಚಿತು.

ಎಚ್ಚರ ಬಂದಾಗ ಮೊದಲು ಬಂದದ್ದು ಸದ್ದು: ಹೊರಗೆ ಯಾವುದೋ ಟ್ರ್ಯಾಕ್ಟರು, ಫ್ಯಾನು, ಸೊಸೆಯ ಬಳೆ. ಅವಳು ಕಣ್ಣು ತೆರೆಯಲಿಲ್ಲ. ತೆರೆಯದೆ ಕಾದಳು. ಕಾಯಬಾರದೆಂದು ನಿನ್ನೆಯೇ ತೀರ್ಮಾನಿಸಿದ್ದವಳು ಅದು ಮರೆತವಳಂತೆ, ಹಣೆಯನ್ನು ಸ್ವಲ್ಪ ಮೇಲೆತ್ತಿ, ಹೊಟ್ಟೆಯ ತಳಕ್ಕೆ ಕಿವಿಗೊಟ್ಟು ಕಾದಳು. ಗಾಯದ ಉರಿ ಇತ್ತು, ದೂರದಲ್ಲಿ, ಯಾರದೋ ಒಲೆಯಂತೆ. ಅದರ ಕೆಳಗೆ ಎಲ್ಲ ಶಾಂತವಾಗಿತ್ತು. ಅಲೆ ಏಳಲಿಲ್ಲ. ಹಣೆಯ ಮೇಲೆ ಫ್ಯಾನಿನ ಗಾಳಿ ಒಂದೇ ಸಮನೆ ಬೀಸುತ್ತಿತ್ತು, ಬರೀ ಗಾಳಿ. ಗದ್ದಕ್ಕೆ ಏನೋ ತಣ್ಣಗೆ ತಾಗಿತು. ಕಣ್ಣು ತೆರೆದರೆ ಗಂಗಾಂಬಿಕಾ, ಟ್ರೇ ಹಿಡಿದು, ತುದಿಗಾಲಲ್ಲಿ ನಿಂತಂತೆ ನಿಂತಿದ್ದಾಳೆ.

"ಬರ್ತೈತೇನತ್ತಿ? ಬಂದ್ರ ಬಿಡ್ರಿ, ನಾ ಹಿಡದೀನಿ."

"ಇಲ್ಲವಾ. ಏನೂ ಇಲ್ಲ."

ಊಟದ ಹೊತ್ತು ಹೋಯಿತು, ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತಿತು, ಏನೂ ಇಲ್ಲ. ಗುಟುಕು ನೀರು ಕೊಟ್ಟರು, ಅದೂ ನಿಂತಿತು. ಡಾಕ್ಟರು ಬಂದು, "ನೋಡಿದ್ರೇನಮ್ಮಾ, ಒಂದು ಖರೇ ಮಾತಿಗೆ ಎಷ್ಟು ಆರಾಮ!" ಎಂದು ಹೋದರು. ಗವಿಸಿದ್ದೇಶ ಕಾರಿಡಾರಿನಲ್ಲಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: ಅವ್ವ ಆರಾಮ ಅದಾಳ, ವಾಂತಿ ಗೀಂತಿ ಏನಿಲ್ಲ, ಭಾರಿ ಚಲೋ ಆತು. ಆಮೇಲೆ ದನಿ ಇಳಿಸಿ, "ನಮ್ಮಪ್ಪ ಪೂಜಿ ಬಿಟ್ಟು ಎದ್ದಿದ್ದನಂತ ನೋಡು ಆವಾಗ," ಎಂದದ್ದೂ ಕೇಳಿಸಿತು. ಗಂಗಾಂಬಿಕಾ ಟ್ರೇಯನ್ನು ಕೊನೆಗೆ ಸ್ಟೂಲಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಟ್ರೇ ಒಣಗಿತ್ತು, ಹೊಳೆಯುತ್ತಿತ್ತು. ನಾಗಲಿಂಗಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಒಂದು ಹನಿ ಮೂಗಿನ ಮೇಲಿಂದ ದಾಟಿ ದಿಂಬಿಗೆ ಹೋಯಿತು, ಅದರ ಹಿಂದೆ ಇನ್ನೊಂದು.

"ಅಳಬ್ಯಾಡ್ರಿ ಅಕ್ಕಾ," ಎಂದಳು ಆ ಮಂಚದಿಂದ ದುರುಗಮ್ಮ, ಸೊಸೆ ಏಳದಷ್ಟು ಮೆಲ್ಲಗೆ. ಅವಳಿಗೆ ಈಗ ದನಿ ಬಂದಿತ್ತು. "ಹೊಲಿಗಿ ಜಗ್ಗತಾವು. ಅಳಲೇಬೇಕಂದ್ರ ಹೊಟ್ಟಿ ಅಲಗದಂಗ ಅಳ್ರಿ."

ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.